ಅಕ್ಕನ ಮಗನಿಗೆ ಐಟಿಐ ಹುಡುಕಿದ ವಾರ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೂರನೆಯ ದಿನ ಆಲೂರಿನಿಂದ ಅಕ್ಕ ಫೋನ್ ಮಾಡಿ, "ಪಿಯುಸಿ ಬೇಡವಂತೆ, ಕೈಕೆಲಸ ಕಲಿಯುತ್ತಾನಂತೆ. ಹಾಸನದಲ್ಲಿ ಎಲ್ಲಿಗೆ ಸೇರಿಸುವುದು, ನೀನೇ ನೋಡಪ್ಪ" ಎಂದಳು. ಅವಳ ದನಿಯಲ್ಲಿ ಸ್ವಲ್ಪ ಸಂಕೋಚವಿತ್ತು. ಓದಿನಲ್ಲಿ ಹಿಂದೆ ಬಿದ್ದವರು ಹೋಗುವ ಜಾಗ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ, ಎಂಬ ಭಾವನೆ ನಮ್ಮ ಕಡೆ ಇನ್ನೂ ಹೋಗಿಲ್ಲ. ಇಪ್ಪತ್ತು ವರ್ಷಗಳಿಂದ ಯಂತ್ರ ದುರಸ್ತಿಯನ್ನೇ ನಂಬಿ ಸಂಸಾರ ನಡೆಸಿರುವ ನನಗೆ ಅದು ನೋವಿನ ಮಾತು.

ಹುಡುಗನ ಆಯ್ಕೆಯ ಬಗ್ಗೆ ನನಗೆ ಅನುಮಾನವಿರಲಿಲ್ಲ, ಸಂಸ್ಥೆಯ ಬಗ್ಗೆ ಮಾತ್ರ ಹೆದರಿಕೆಯಿತ್ತು. ನಾನು ಓದಿದ ಖಾಸಗಿ ಸಂಸ್ಥೆಯೊಂದರಲ್ಲಿ ಲೋಹ ಕಡೆಯುವ ಲೇತ್ ಯಂತ್ರಕ್ಕೆ ವರ್ಷವಿಡೀ ಟಾರ್ಪಾಲು ಹೊದಿಸಿದ್ದರು. ಚಕ್, ಟೂಲ್ ಪೋಸ್ಟ್, ಟೇಲ್ ಸ್ಟಾಕ್ ಎಂದು ಅದರ ಭಾಗಗಳ ಹೆಸರನ್ನು ಹಲಗೆಯ ಮೇಲೆ ಬರೆದುಕೊಂಡು ಬಾಯಿಪಾಠ ಮಾಡಿದ ನಾವು, ಪ್ರಾಯೋಗಿಕ ಪರೀಕ್ಷೆಯ ದಿನವೇ ಮೊದಲ ಬಾರಿಗೆ ಆ ಯಂತ್ರ ತಿರುಗುವುದನ್ನು ಕಂಡೆವು. ಪಾಸಾದ ಮೇಲೆ ಬಿ.ಎಂ. ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಮೇಸ್ತ್ರಿಯೊಬ್ಬರು ನನ್ನನ್ನು ಮೊದಲಿನಿಂದ ತಿದ್ದಬೇಕಾಯಿತು. ಕಳೆದುಹೋದ ಆ ಎರಡು ವರ್ಷ ನನ್ನ ಅಕ್ಕನ ಮಗನಿಗೂ ಬರಬಾರದು ಎಂಬುದೊಂದೇ ನನ್ನ ಹಟವಾಗಿತ್ತು.

ಹಾಗಾಗಿ ಅರ್ಜಿ ತುಂಬುವ ಮೊದಲು ಅವನನ್ನು ಕರೆದುಕೊಂಡು ಒಂದು ವಾರ ಸರ್ಕಾರಿ, ಅನುದಾನಿತ, ಖಾಸಗಿ ಎಂದು ನೋಡದೆ ಸಂಸ್ಥೆಗಳನ್ನು ಸುತ್ತಿದೆ. ಕಟ್ಟಡ, ಬಣ್ಣ, ಗೋಡೆಯ ಮೇಲಿನ ಫಲಕಗಳನ್ನು ಬಿಟ್ಟು ನೇರವಾಗಿ ವರ್ಕ್‌ಶಾಪಿಗೆ ಹೋಗುತ್ತಿದ್ದೆವು. ಯಂತ್ರದ ಭಾಗಗಳನ್ನು ಮಾಡಿ ಜೋಡಿಸುವುದನ್ನು ಕಲಿಸುವ ಫಿಟ್ಟರ್ ಟ್ರೇಡಿನ, ಅಂದರೆ ಕಸುಬಿನ, ಒಂದು ಘಟಕಕ್ಕೆ 20 ವಿದ್ಯಾರ್ಥಿಗಳಿರುವುದರಿಂದ ಮೇಜುಗಳಿಗೆ ಬಿಗಿದ, ಕಬ್ಬಿಣವನ್ನು ಅಲುಗದಂತೆ ಹಿಡಿಯುವ ವೈಸ್‌ಗಳನ್ನು ಎಣಿಸಲು ಅವನಿಗೆ ಹೇಳಿದೆ. ಒಂದು ಕಡೆ ಏಳೇ ಇದ್ದವು, ಅವುಗಳಲ್ಲಿ ಮೂರರ ಹಿಡಿ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಇನ್ನೊಂದು ಕಡೆ ಲೇತ್‌ನ ತಟ್ಟೆಯಲ್ಲಿ ಹಿಂದಿನ ದಿನ ಕಡೆದ ಕಬ್ಬಿಣದ ಸುರುಳಿಗಳು ಇನ್ನೂ ಹೊಳೆಯುತ್ತಿದ್ದವು, ಕಡೆಯುವಾಗ ತಂಪಿಗೆ ಸುರಿಯುವ ಕೂಲಂಟ್ ದ್ರವದ ವಾಸನೆ ಬಾಗಿಲಿಗೇ ಬರುತ್ತಿತ್ತು. ಅಲ್ಲಿಯೇ ನನ್ನ ಮನಸ್ಸು ಅರ್ಧ ನಿಂತಿತು.

ಅದೇ ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗ ಅರದಿಂದ ಉಜ್ಜಿದ ಕಬ್ಬಿಣದ ಪಟ್ಟಿಯೊಂದನ್ನು ಮೇಷ್ಟ್ರ ಕೈಗೆ ಕೊಟ್ಟ. ಅವರು ಅದರ ಅಂಚಿಗೆ ಮಟ್ಟ ನೋಡುವ ಮೂಲೆಮಟ್ಟ, ಟ್ರೈ ಸ್ಕ್ವೇರ್, ಇಟ್ಟು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ನುಸುಳುತ್ತಿತ್ತು. "ನಡುವೆ ಹೆಚ್ಚು ಉಜ್ಜಿದ್ದೀಯ, ಎರಡು ತುದಿ ಇಳಿಸು" ಎಂದು ಹೇಳಿ ಹಿಂದಿರುಗಿಸಿದರು. 0.02 ಮಿಲಿಮೀಟರ್‌ವರೆಗೆ ಓದಬಲ್ಲ ವರ್ನಿಯರ್ ಕ್ಯಾಲಿಪರ್ ಪಕ್ಕದಲ್ಲೇ ಇದ್ದರೂ ಅವರು ಮೊದಲು ಕಣ್ಣಿಗೆ ಕಲಿಸುತ್ತಿದ್ದರು. ನನ್ನ ಅಳಿಯ ಅಷ್ಟು ಹೊತ್ತೂ ಬಾಯಿ ಬಿಡದೆ ನೋಡುತ್ತಿದ್ದ. ಹೊರಗೆ ಬಂದು, "ಮಾವ, ಇಲ್ಲಿಗೇ ಹಾಕೋಣ" ಎಂದ.

ಟ್ರೇಡಿನ ವಿಷಯದಲ್ಲಿ ನಮ್ಮಿಬ್ಬರಿಗೂ ಎರಡು ದಿನ ವಾದವಾಯಿತು. ಸ್ನೇಹಿತರೆಲ್ಲ ಎಲೆಕ್ಟ್ರಿಷಿಯನ್ ಎನ್ನುತ್ತಿದ್ದುದರಿಂದ ಅವನಿಗೂ ಅದೇ ಬೇಕಿತ್ತು. ಅದೂ ಫಿಟ್ಟರ್‌ನಂತೆ ಎರಡು ವರ್ಷದ್ದೇ, ಕೆಟ್ಟದ್ದೇನಲ್ಲ. ಆದರೆ ನಮ್ಮ ಆಲೂರು, ಸಕಲೇಶಪುರ, ಮೂಡಿಗೆರೆಯ ಕಡೆಗೆ ಏನು ಬೇಕೆಂದು ಸ್ವಲ್ಪ ಯೋಚಿಸು ಎಂದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕಬೇಕು, ಆ ಹೊತ್ತಿಗೆ ಡೀಸೆಲ್ ಪಂಪು ಕೆಟ್ಟರೆ ಬೆಳೆಗಾರ ರಾತ್ರಿಯಲ್ಲಿ ಮೆಕ್ಯಾನಿಕ್ ಮನೆಗೇ ಬರುತ್ತಾನೆ. ಕೊಯ್ಲಿನಲ್ಲಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್, ಆಮೇಲೆ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಗಳ ಯಂತ್ರ, ಹಾಸನದಲ್ಲಿ ಜವಳಿ ಕಾರ್ಖಾನೆ ಎಂದರೆ ವರ್ಷವಿಡೀ ಕೆಲಸ. ಫಿಟ್ಟರ್‌ನಲ್ಲಿ ಅರ ಹಿಡಿಯುವುದರಿಂದ ತೊಡಗಿ ಡ್ರಿಲ್ಲಿಂಗ್, ವೆಲ್ಡಿಂಗ್, ಲೇತ್, ಎರಡನೆಯ ವರ್ಷ ಎಣ್ಣೆ, ಗಾಳಿಯ ಒತ್ತಡದಿಂದ ನಡೆಯುವ ಯಂತ್ರಗಳ ಹೈಡ್ರಾಲಿಕ್ಸ್, ನ್ಯೂಮ್ಯಾಟಿಕ್ಸ್‌ವರೆಗೆ ಕಲಿಸುತ್ತಾರೆ. ಆ ಅಗಲ ಅವನಿಗೆ ಹಿಡಿಸಿತು. ಮುಂದೆ ಓದುವ ಮನಸ್ಸಾದರೆ ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ.

ಹಾಸನದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನೂ, ಅಂದರೆ ಎಲ್ಲರೂ ಜಿಟಿಟಿಸಿ ಎನ್ನುವ ಕೇಂದ್ರವನ್ನೂ ವಿಚಾರಿಸಿದೆವು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಶಾಖೆಯದು. ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಸಲು ಕಲಿಸುವ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಲ್ಲಿ ಮೂರು ವರ್ಷ ಪಾಠ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಕಲಿಕೆ ಬಲವಾದದ್ದೇ, ಆದರೆ ನಾಲ್ಕು ವರ್ಷ ಕಾಯುವ ಸ್ಥಿತಿ ಸದ್ಯ ಅಕ್ಕನ ಮನೆಯಲ್ಲಿಲ್ಲ.

ಐಟಿಐ ಮುಗಿದ ಮೇಲೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಅಪ್ರೆಂಟಿಸ್ ತರಬೇತಿಯ ವಿಷಯವನ್ನು ಅಕ್ಕನಿಗೆ ಹೆಚ್ಚು ಬಿಡಿಸಿ ಹೇಳಬೇಕಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳ ಪ್ರಕಾರ, 2019ರ ತಿದ್ದುಪಡಿಯ ನಂತರ, 30 ಅಥವಾ ಹೆಚ್ಚು ಜನರಿರುವ ಕಾರ್ಖಾನೆ ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು; ಐಟಿಐ ಪ್ರಮಾಣಪತ್ರವಿದ್ದವರಿಗೆ ಆ ತಿದ್ದುಪಡಿ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್, ಅಂದರೆ ತರಬೇತಿ ಭತ್ಯೆ, ತಿಂಗಳಿಗೆ 7000 ರೂಪಾಯಿ. ಒಪ್ಪಂದ ನೋಂದಣಿಯಾಗಿ, ಕೊನೆಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಕೆಲಸ ಕಲಿಸುತ್ತೇವೆಂದು ಕರೆದು ಯಾವ ಕಾಗದವೂ ಇಲ್ಲದೆ ಎರಡು ವರ್ಷ ಕಸ ಗುಡಿಸಿಸುವ ಜಾಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಕ್ಕನಿಗೆ ಅರ್ಥವಾದಾಗ, "ಹಾಗಾದರೆ ಅದು ಕೂಲಿಯಲ್ಲ, ಓದೇ" ಎಂದಳು.

ಸೇರುವ ಸಂಸ್ಥೆಗೆ ಮಾನ್ಯತೆಯಿದೆ ಎಂದರೆ ಸಾಲದು, ನಮಗೆ ಬೇಕಾದ ಟ್ರೇಡಿಗೂ ಆ ಘಟಕಕ್ಕೂ ಇದೆಯೇ ಎಂದು ಕೇಳಿ ಪತ್ರ ನೋಡಿದೆ. ಕಚೇರಿಯವರು ಬೇಸರಿಸದೆ ತೋರಿಸಿದರು. ಮೊದಲ ಆಯ್ಕೆಯಾಗಿ ಆ ಬೆಳಕಿಗೆ ಪಟ್ಟಿ ಹಿಡಿದ ಮೇಷ್ಟ್ರ ಸಂಸ್ಥೆಯ ಫಿಟ್ಟರ್ ಟ್ರೇಡನ್ನೇ ತುಂಬಿದ್ದೇವೆ. ಆಲೂರಿನಿಂದ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಹಾಸನ ಮುಟ್ಟುತ್ತದೆ ಎಂದು ಅವನೇ ಈಗ ಲೆಕ್ಕ ಹಾಕುತ್ತಿದ್ದಾನೆ. ನಾನು ನನ್ನ ಹಳೆಯ ಅರವೊಂದಕ್ಕೆ ಹೊಸ ಹಿಡಿ ಹಾಕಿಸಿ ಇಟ್ಟಿದ್ದೇನೆ.