ಅಘನಾಶಿನಿ ಅಳಿವೆಯ ಬೇಸಿಗೆ ಲೆಕ್ಕ: ಆರನೇ ವಾರ

ಮೇ ಎರಡನೇ ವಾರ. ಚಳಿಗಾಲಕ್ಕೆ ಇಲ್ಲಿಗೆ ಬಂದು ಬೇಸಿಗೆಯಲ್ಲಿ ಮರಳುವ ವಲಸೆ ಹಕ್ಕಿಗಳನ್ನು ಇಷ್ಟು ದಿನ ಎಣಿಸುತ್ತಿದ್ದ ರೀತಿಯೇ ಸರಿಯಿರಲಿಲ್ಲ ಅಂತ ಈಗ ಗೊತ್ತಾಯಿತು. ಏಪ್ರಿಲ್ ಪೂರ್ತಿ ಇಳಿತದ ಹೊತ್ತಿಗೆ ಹೋಗುತ್ತಿದ್ದೆ. ಆಗ ಕೆಸರು ಬಯಲು ತೆರೆದುಕೊಂಡಿರುತ್ತದೆ. ಹಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಮೇಯುತ್ತಿರುತ್ತವೆ, ನಡುನಡುವೆ ಬಳಚು (ಚಿಪ್ಪಿನ ಜೀವಿ) ಹೆಕ್ಕುವವರು. ಒಂಬತ್ತು ಗಂಟೆ ದಾಟಿತೋ, ಬಿಸಿಲ ಝಳಕ್ಕೆ ದುರ್ಬೀನಿನಲ್ಲಿ ಕೊಕ್ಕು ಯಾವುದು, ಕಾಲು ಯಾವುದು ತಿಳಿಯುವುದಿಲ್ಲ.

ಈ ಸಲ ಅಮಾವಾಸ್ಯೆಯ ಭರತ ನೋಡಿಕೊಂಡು ಅಳಿವೆ ಪಕ್ಕದ ಸಾಣಿಕಟ್ಟಾದ ಉಪ್ಪಿನ ಆಗರಕ್ಕೆ ಹೋದೆ. ನೀರು ಏರಿ ಕೆಸರು ಮುಳುಗಿದ ಮೇಲೆ ಹಕ್ಕಿಗೂ ನಿಲ್ಲೋಕೆ ಜಾಗ ಬೇಕಲ್ವಾ? ಹತ್ತು ಗಂಟೆ ಹೊತ್ತಿಗೆ ಸಣ್ಣ ಸಣ್ಣ ಗುಂಪಾಗಿ ಬಂದು ಬದುಗಳ ಮೇಲೆ ಇಳಿದವು. ಎಲ್ಲವೂ ಗಾಳಿಗೆ ಮುಖ ಮಾಡಿ ನಿಂತವು. ಬದಿಯ ನೆರಳಲ್ಲಿ ಕೂತು ಒಂದೊಂದನ್ನೇ ಎಣಿಸಿದೆ.

ಸ್ಯಾಂಡ್ ಪ್ಲೋವರ್ 64, ಕರ್ಲ್ಯೂ ಸ್ಯಾಂಡ್‌ಪೈಪರ್ 11, ವಿಂಬ್ರೆಲ್ 5, ಟೆರೆಕ್ ಸ್ಯಾಂಡ್‌ಪೈಪರ್ 3.

ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅಂತ ಬರೆದುಕೊಳ್ಳುತ್ತಿದ್ದುದನ್ನು ಈಗ ಎರಡು ಜಾತಿ ಮಾಡಿದ್ದಾರೆ. ನಮ್ಮ ಕಡೆ ಹೆಚ್ಚಾಗಿ ಬರುವುದು ಟಿಬೆಟನ್ ಸ್ಯಾಂಡ್ ಪ್ಲೋವರ್. ಲಡಾಖ್, ಟಿಬೆಟ್‌ನ ಎತ್ತರದ ಬಯಲಲ್ಲಿ ಮರಿ ಮಾಡುತ್ತದೆ. ಏಪ್ರಿಲ್ ಮೊದಲ ವಾರ ಅರ್ಧಕ್ಕಿಂತ ಜಾಸ್ತಿ ಹಕ್ಕಿಗಳ ಎದೆ ಕೆಂಪಾಗಿತ್ತು, ಕಣ್ಣಿನ ಮೇಲೆ ಕಪ್ಪು ಪಟ್ಟಿ ಬಂದಿತ್ತು. ಮರಿ ಮಾಡಲು ಹೊರಡುವ ಹಕ್ಕಿಗಳ ಬಣ್ಣ ಅದು. ಈಗ ಅಂಥವು ಒಂಬತ್ತೇ. ಉಳಿದ 55 ಬೂದು ಬಣ್ಣದಲ್ಲೇ ಇವೆ. ಇವು ಬಹುಪಾಲು ಕಳೆದ ವರ್ಷದ ಮರಿಗಳು. ಮೊದಲ ಬೇಸಿಗೆಯಲ್ಲಿ ಇಂಥವು ಎಷ್ಟೋ ಮರಿ ಮಾಡುವ ಜಾಗಕ್ಕೆ ಹೋಗದೆ ಇಲ್ಲೇ ಉಳಿದುಬಿಡುತ್ತವೆ. ಮಳೆಗಾಲದಲ್ಲೂ ಇವನ್ನು ಎಣಿಸಬೇಕು ಅಂತ ಇಲ್ಲಿಗೇ ಬಂದ ಮೇಲೆ ಹೊಳೆಯಿತು.

ಕರ್ಲ್ಯೂ ಸ್ಯಾಂಡ್‌ಪೈಪರ್ ಒಂದು ತೀರಾ ಹತ್ತಿರ, ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕತ್ತಿನಿಂದ ಹೊಟ್ಟೆವರೆಗೆ ಇಟ್ಟಿಗೆ ಕೆಂಪು. ರೆಕ್ಕೆ ಮೇಲೆ ಮಾತ್ರ ಎರಡು ಹಳೇ ಬೂದು ಗರಿ ಬಾಕಿ. ಹೊಟ್ಟೆ ಕಾಲಿನ ಹಿಂದೆ ಉಬ್ಬಿ ಜೋತುಬಿದ್ದಿತ್ತು, ಅಷ್ಟೂ ಕೊಬ್ಬು. ಸೈಬೀರಿಯಾದ ಉತ್ತರದ ತುದಿವರೆಗಿನ ದಾರಿಗೆ ಅದೇ ಬುತ್ತಿ. ಆ ಬುತ್ತಿ ಕಟ್ಟಿಕೊಟ್ಟದ್ದು ಈ ಕೆಸರು. 2024ರಲ್ಲಿ ಅಘನಾಶಿನಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದಾಗ ನನಗೆ ಆದ ಖುಷಿಗೆ ಕಾರಣವೇ ಇದು.

ಮುಂದಿನ ಹುಣ್ಣಿಮೆ ಭರತಕ್ಕೆ ಮತ್ತೆ ಇಲ್ಲಿಗೇ. ಆಮೇಲೆ ಮಳೆ ಹಿಡಿದರೆ ಉಪ್ಪಿನ ಕೆಲಸ ನಿಲ್ಲುತ್ತದೆ. ಹೊರಡುವಾಗ ಆಗರದಲ್ಲಿ ಉಪ್ಪು ಒಟ್ಟುತ್ತಿದ್ದ ಅಕ್ಕ ಕೇಳಿದರು: "ಇವು ಇನ್ನೂ ಹೋಗ್ಲಿಲ್ವಾ ತಮ್ಮಾ?"

"ಕೆಲವು ಹೋಗೋದೇ ಇಲ್ಲ ಅಕ್ಕಾ" ಅಂದೆ.