17 ಅಡಿಯೋ, 22 ಅಡಿಯೋ: ದೋಣಿ ಆಯ್ಕೆಯ ದಿನಚರಿ

ಮೊದಲ ಭಾನುವಾರ

ಹುಡುಕಾಟ ಕೊನೆಗೂ ಎರಡು ದೋಣಿಗಳಿಗೆ ಬಂದು ನಿಂತಿದೆ. ಒಂದು 17 ಅಡಿಯದು, ಹಿಂಬದಿಯ ಗೋಡೆಗೆ ಹೊರಗಿನಿಂದ ತೂಗುಹಾಕಿದ 75 ಅಶ್ವಶಕ್ತಿಯ ಫೋರ್-ಸ್ಟ್ರೋಕ್ ಎಂಜಿನ್, ಅಂದರೆ ಔಟ್‌ಬೋರ್ಡ್. ಇನ್ನೊಂದು 22 ಅಡಿಯದು. ಅದರ ಮುಂಭಾಗದಲ್ಲಿ ಇಬ್ಬರು ಮಲಗಬಹುದಾದ ಪುಟ್ಟ ಕೋಣೆಯಿದೆ. 220 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಒಳಗೆ, ಪ್ರೊಪೆಲ್ಲರ್ ಇರುವ ಅದರ ಕಾಲಿನಂಥ ಭಾಗ ಮಾತ್ರ ಹಿಂಗೋಡೆಯಿಂದ ಆಚೆಗೆ ನೀರಿನಲ್ಲಿ. ಇದನ್ನೇ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಎರಡೂ ಫೈಬರ್‌ಗ್ಲಾಸ್‌ನವು, ಎರಡಕ್ಕೂ ಟ್ರೇಲರ್ ಇದೆ. ಹಿಂದಿನ ಮಾಲೀಕರು ಇಬ್ಬರೂ ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರ ಕೊಟ್ಟರು.

ನಮ್ಮ ಬಳಕೆ ಹೀಗಿದೆ: ಹೆಚ್ಚಿನ ದಿನ ಸರೋವರ, ಗಾಳಿ ಶಾಂತವಾಗಿದ್ದರೆ ದಡಕ್ಕೆ ಹತ್ತಿರದ ಸಮುದ್ರ. ನಾನು, ಹೆಂಡತಿ, ಹತ್ತು ವರ್ಷದ ಮಗಳು. ಒಮ್ಮೊಮ್ಮೆ ಅಪ್ಪನೂ ಬರುತ್ತಾರೆ. ಅವರ ಮಂಡಿ ಈಗ ಮೊದಲಿನಂತಿಲ್ಲ.

ಎರಡನ್ನೂ ಒಂದೇ ದಿನ ನೋಡಿದ್ದು ಒಳ್ಳೆಯದಾಯಿತು. ದೊಡ್ಡದರ ಪಕ್ಕದಲ್ಲಿ ನಿಂತಾಗ, ಇವುಗಳ ನಡುವಿನ ಅಂತರ ಐದು ಅಡಿಯದಲ್ಲ ಎಂಬುದು ಮೈಗೇ ತಿಳಿಯಿತು. ದೋಣಿ ಉದ್ದವಾದಂತೆ ಅಗಲವೂ ಆಳವೂ ಜೊತೆಗೇ ಬೆಳೆಯುತ್ತವೆ. ಮನೆಗೆ ಬಂದು ಲೆಕ್ಕ ಹಾಕಿದೆ. 22ನ್ನು 17ರಿಂದ ಭಾಗಿಸಿ, ಬಂದ ಸಂಖ್ಯೆಯ ಘನ ತೆಗೆದರೆ 2.17. ಒಂದೇ ಆಕಾರದ ದೋಣಿಗಳಾಗಿದ್ದರೆ ದೊಡ್ಡದು ಚಿಕ್ಕದರ ಎರಡು ಪಟ್ಟಿಗಿಂತ ಹೆಚ್ಚು. ತೂಕವೂ ಎಂಜಿನ್ನೂ ಇಂಧನವೂ ಅಡಿಯ ಲೆಕ್ಕಕ್ಕಿಂತ ಈ ಲೆಕ್ಕಕ್ಕೇ ಹತ್ತಿರ ನಡೆಯುತ್ತವೆ. ಪೂರ್ತಿ ವೇಗದಲ್ಲಿ ಪೆಟ್ರೋಲ್ ಎಂಜಿನ್ ಪ್ರತಿ 10 ಅಶ್ವಶಕ್ತಿಗೆ ಗಂಟೆಗೆ ಸುಮಾರು 3.8 ಲೀಟರ್ ಕುಡಿಯುತ್ತದೆ ಎಂಬ ಹಳೆಯ ಅಂದಾಜನ್ನು ಹಿಡಿದರೆ ಚಿಕ್ಕದಕ್ಕೆ 28 ಲೀಟರ್, ದೊಡ್ಡದಕ್ಕೆ 83.

ಹೀಗಿದ್ದರೂ ಮನಸ್ಸು ದೊಡ್ಡದರ ಕಡೆಗೇ ಇತ್ತು. ಆ ಕೋಣೆಯಲ್ಲಿ ಮಗಳು ಮಲಗಿ ನೋಡಿ, ಎದ್ದು ಬರಲು ಒಪ್ಪಲಿಲ್ಲ.

ಎರಡನೆಯ ಶನಿವಾರ

ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಎರಡೂ ದೋಣಿಗಳನ್ನು ಅಂಗೈಯಗಲದ ಅಂತರದಲ್ಲಿ ತಟ್ಟುತ್ತಾ ಹೋದೆ. ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಆದರೆ ಹಳೆಯ ದೋಣಿಗಳ ಹಿಂಗೋಡೆಯ ಒಳಗೂ ತಳದ ಉದ್ದತೊಲೆಗಳ ಒಳಗೂ ಪ್ಲೈವುಡ್ ಇರುತ್ತದೆ. ಒಂದು ಸ್ಕ್ರೂ ರಂಧ್ರಕ್ಕೆ ಸರಿಯಾಗಿ ಮೇಣ ತುಂಬದಿದ್ದರೂ ಸಾಕು, ನೀರು ಇಳಿದು ಮರ ಮೆತ್ತಗಾಗುತ್ತದೆ. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ. ಕೊಳೆತ ಜಾಗದ ದನಿ ಮಂದ, ಒದ್ದೆ ಹಲಗೆಯನ್ನು ಬಡಿದ ಹಾಗೆ. ಒಂದು ಗಂಟೆ ತಟ್ಟಿದ ಮೇಲೆ ಕಿವಿ ತಾನಾಗಿಯೇ ಪಳಗುತ್ತದೆ.

ಚಿಕ್ಕದರ ಹಿಂಗೋಡೆ ಗಟ್ಟಿಯಾಗಿದೆ. ಔಟ್‌ಬೋರ್ಡನ್ನು ಅರ್ಧ ಎತ್ತಿ, ಅದರ ಕಾಲನ್ನು ಮೇಲೆ ಕೆಳಗೆ ಜಗ್ಗಿ ನೋಡಿದಾಗ ಗೋಡೆ ಒಂದಿಷ್ಟೂ ಬಾಗಲಿಲ್ಲ. ದೊಡ್ಡದರ ಹಿಂಗೋಡೆಯೂ ಚೆನ್ನಾಗಿದೆ, ಆದರೆ ಸ್ಟರ್ನ್‌ಡ್ರೈವಿನ ರಬ್ಬರ್ ತಿದಿಯಲ್ಲಿ ಬೆರಳಿನಿಂದ ಹಿಗ್ಗಿಸಿದರೆ ಕಾಣುವಂಥ ಸಣ್ಣ ಬಿರುಕುಗಳಿದ್ದವು. ಹಿಂಗೋಡೆಯಲ್ಲಿ ಕೊರೆದ ದೊಡ್ಡ ರಂಧ್ರಕ್ಕೆ ಆ ತಿದಿಯೇ ಬಾಗಿಲು. ಅದು ಹರಿದರೆ ನೀರು ನೇರ ದೋಣಿಯೊಳಗೆ. ಬದಲಾಯಿಸಬಹುದು, ಆದರೆ ಇಡೀ ಕಾಲನ್ನು ಬಿಚ್ಚಿಯೇ ಆ ಕೆಲಸ ಮಾಡಬೇಕು. ಔಟ್‌ಬೋರ್ಡಿನಲ್ಲಿ ಈ ಭಾಗವೇ ಇಲ್ಲ.

ಒಳಗಿನ ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ಶಿಸ್ತು ಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಡುಗಟ್ಟುತ್ತದೆ. ಚಾಲೂ ಮಾಡುವ ಮೊದಲು ಕನಿಷ್ಠ ನಾಲ್ಕು ನಿಮಿಷ ಬ್ಲೋವರ್ (ಗಾಳಿ ಹೊರದಬ್ಬುವ ಫ್ಯಾನ್) ಓಡಿಸಿ ಅದನ್ನು ಹೊರದಬ್ಬಬೇಕು. ಇದನ್ನು ಮಗಳಿಗೆ ಮೊದಲೇ ಕಲಿಸಬೇಕು ಎಂದು ಬರೆದುಕೊಂಡೆ.

ಮೂರನೆಯ ಭಾನುವಾರ: ನೀರಿನಲ್ಲಿ

ಗಾಳಿಯಿದ್ದ ದಿನವನ್ನೇ ಕೇಳಿ ಪಡೆದಿದ್ದೆವು. ಕನ್ನಡಿಯಂಥ ನೀರಿನಲ್ಲಿ ಎಲ್ಲ ದೋಣಿಗಳೂ ಒಳ್ಳೆಯವೇ.

ಎರಡರ ಫಲಕದ ಮೇಲೂ ಯುರೋಪಿನ ವಿನ್ಯಾಸ ವರ್ಗದ ‘ಸಿ’ ಅಕ್ಷರವಿದೆ. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪನದ 6ರವರೆಗಿನ ಗಾಳಿ, ಎರಡು ಮೀಟರ್ ಅಲೆಯವರೆಗೆ ಎಂದು ಅದರ ಅರ್ಥ. ಅಕ್ಷರ ಒಂದೇ ಆದರೂ ಸವಾರಿ ಬೇರೆಬೇರೆ. ಚಿಕ್ಕದರ ‘ವಿ’ ಆಕಾರದ ತಳದ ಇಳಿಜಾರು ಹಿಂಬದಿಯಲ್ಲಿ 14 ಡಿಗ್ರಿ, ದೊಡ್ಡದರದ್ದು 20. ಅಲೆಗಳು ಒತ್ತೊತ್ತಾಗಿ ಬಂದಾಗ ಚಿಕ್ಕದು ಚಪ್ಪಾಳೆ ತಟ್ಟಿದಂತೆ ನೀರಿಗೆ ಅಪ್ಪಳಿಸುತ್ತಿತ್ತು. ದೊಡ್ಡದು ಅದೇ ಅಲೆಗಳನ್ನು ಸೀಳಿಕೊಂಡು ಹೋಯಿತು. ಅಪ್ಪ ಆರಾಮವಾಗಿ ಕುಳಿತಿದ್ದರು. 1960ರ ಮಯಾಮಿ–ನಸೌ ಓಟದಲ್ಲಿ, ಕೆರಳಿದ ಸಮುದ್ರದಲ್ಲಿ, ರೇ ಹಂಟ್ ರೂಪಿಸಿದ ಆಳ ‘ವಿ’ ತಳದ ‘ಮಾಪೀ’ ದೋಣಿ ಗೆದ್ದ ಮೇಲೆ ಇಂಥ ತಳಗಳು ಎಲ್ಲೆಡೆ ಹರಡಿದ್ದು ಏಕೆಂದು ಆ ಹತ್ತು ನಿಮಿಷಗಳಲ್ಲಿ ಅರ್ಥವಾಯಿತು. ಚಿಕ್ಕದರಲ್ಲಿ ವೇಗ ತಗ್ಗಿಸಿ, ಎಂಜಿನ್ನಿನ ಓರೆಯನ್ನು (ಟ್ರಿಮ್) ದೋಣಿಯ ಕಡೆಗೆ ಒತ್ತಿ ಮೂತಿಯನ್ನು ಕೆಳಗಿಟ್ಟರೆ ಪೆಟ್ಟು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಪೂರ್ತಿ ವೇಗದಲ್ಲಿ ಚಿಕ್ಕದರ ಎಂಜಿನ್ ನಿಮಿಷಕ್ಕೆ 5,600 ಸುತ್ತು ತಲುಪಿತು. ತಯಾರಕರು ಹೇಳಿದ ಮಿತಿ 5,000ದಿಂದ 6,000, ಅಲ್ಲಿಗೆ ಎಂಜಿನ್ನೂ ಪ್ರೊಪೆಲ್ಲರೂ ಒಂದಕ್ಕೊಂದು ಹೊಂದಿವೆ. ದೊಡ್ಡದು ತನ್ನ ಮಿತಿಯ ಕೆಳಗಿನ ಗೆರೆಯನ್ನೂ ಮುಟ್ಟಲಿಲ್ಲ, ಸುಮಾರು 300 ಸುತ್ತು ಕಡಿಮೆ. ಮೂತಿ ಕೆಳಗಿಳಿದು ನೀರಿನ ಮೇಲೆ ಜಾರತೊಡಗಲು ಹೊತ್ತೂ ಬಹಳ ಹಿಡಿಯಿತು. ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಹೆಚ್ಚಾಗಿರಬಹುದು ಎಂದು ಮಾಲೀಕರು ಹೇಳಿದರು. ಆಗಬಹುದಾದದ್ದೇ. ಪಿಚ್ ಒಂದು ಇಂಚು ತಗ್ಗಿಸಿದರೆ 150–200 ಸುತ್ತು ಏರುತ್ತದೆ.

ಇಳಿಜಾರು ಕಟ್ಟೆಗೆ ವಾಪಸು ಬಂದಾಗ ಅಡ್ಡಗಾಳಿ. ದೊಡ್ಡದನ್ನು ಟ್ರೇಲರಿಗೆ ಸೇರಿಸಲು ನಾನು, ಮಾಲೀಕರು, ದಡದಲ್ಲಿ ನಿಂತಿದ್ದ ಇನ್ನೊಬ್ಬರು ಸೇರಿ ಹಗ್ಗ ಜಗ್ಗಬೇಕಾಯಿತು. ಚಿಕ್ಕದನ್ನು ನನ್ನ ಹೆಂಡತಿ ಒಬ್ಬಳೇ ಹಗ್ಗ ಹಿಡಿದು ನಡೆಸಿಕೊಂಡು ಬಂದಳು. ಕಾರಿನಲ್ಲಿ ಅವಳು ಕೇಳಿದಳು: “ನೀವು ಊರಿನಲ್ಲಿ ಇಲ್ಲದ ದಿನ ಪುಟ್ಟಿಯೂ ನಾನೂ ದೋಣಿ ತೆಗೆದುಕೊಂಡು ಹೋಗಬೇಕು ಅನ್ನಿಸಿದರೆ, ಯಾವುದನ್ನು ನೀರಿಗೆ ಇಳಿಸಬಲ್ಲೆವು?” ಮನೆ ಬರುವವರೆಗೂ ನಾನು ಉತ್ತರ ಹೇಳಲಿಲ್ಲ.

ಮೂರನೆಯ ಬುಧವಾರ: ತೂಕ

ಆ 300 ಸುತ್ತು ತಲೆಯಿಂದ ಹೋಗಿರಲಿಲ್ಲ. ದೋಣಿಯ ತೂಕ ಹೆಚ್ಚಾಗಿದ್ದರೂ ಸುತ್ತು ಹೀಗೆ ಇಳಿಯಬಹುದಲ್ಲ? ಮಾಲೀಕರ ಒಪ್ಪಿಗೆ ಪಡೆದು ದೊಡ್ಡ ದೋಣಿಯನ್ನು ಟ್ರೇಲರ್ ಸಮೇತ ಲಾರಿಗಳ ತೂಕದ ಸೇತುವೆಯ ಮೇಲೆ ಹತ್ತಿಸಿದೆವು. ಹೋಗುವ ಮೊದಲೇ ಕಾಗದದ ಮೇಲೆ ಕೂಡಿಟ್ಟುಕೊಂಡಿದ್ದೆ: ತಯಾರಕರ ಪುಸ್ತಿಕೆಯಲ್ಲಿರುವ ಒಣ ತೂಕ 1,590 ಕಿಲೋ, ಟ್ರೇಲರ್ 480, ಅರ್ಧ ಟ್ಯಾಂಕಿನ 95 ಲೀಟರ್ ಪೆಟ್ರೋಲ್ ಸುಮಾರು 70, ಬ್ಯಾಟರಿ, ಲಂಗರು, ಹಗ್ಗ ಇತ್ಯಾದಿ 60. ಒಟ್ಟು 2,200. ನಮ್ಮ ವಾಹನ ಎಳೆಯಬಹುದಾದ ಗರಿಷ್ಠ ತೂಕ 2,500. (ಒಣ ತೂಕದಲ್ಲಿ ಟ್ರೇಲರೂ ಇಂಧನವೂ ಸೇರಿರುವುದಿಲ್ಲ. ಮೊದಲ ದೋಣಿ ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಬೇಕು.)

ಸೇತುವೆ ತೋರಿಸಿದ್ದು 2,540.

340 ಕಿಲೋ ಎಲ್ಲಿಂದ ಬಂತು? ತಳದಲ್ಲಿ ನಿಂತ ನೀರಿರಲಿಲ್ಲ, ಒಳಗಿನ ಪೆಟ್ಟಿಗೆಗಳೆಲ್ಲ ಖಾಲಿ. ನೆಲಹಾಸಿನ ಕೆಳಗೆ ದೋಣಿ ಮುಳುಗದಂತೆ ತುಂಬಿಸಿದ ಫೋಮ್ ಒಂದೇ ಉಳಿದದ್ದು. ಹಿಂಬದಿಯ ದುಂಡು ಮುಚ್ಚಳವನ್ನು ತಿರುಪಿ ತೆಗೆದು, ಕೈ ಹಾಕಿ ಒಂದು ಹಿಡಿ ಕಿತ್ತೆ. ಹಿಂಡಿದರೆ ಬೆರಳ ಸಂದಿಯಿಂದ ಕಂದು ನೀರು ಇಳಿಯಿತು. ಹೊಸದಾಗಿದ್ದಾಗ ಆ ಫೋಮ್ ನೀರು ಹೀರುವುದಿಲ್ಲ. ವರ್ಷಗಟ್ಟಲೆ ನೀರಿನಲ್ಲೇ ಕೂತರೆ ಅದರ ಪುಟ್ಟ ಕೋಶಗಳು ಒಡೆದು ಒಂದೊಂದಾಗಿ ತುಂಬಿಕೊಳ್ಳುತ್ತವೆ, ಮತ್ತೆ ತಾವಾಗಿ ಒಣಗುವುದಿಲ್ಲ. ತೇಲಿಸಬೇಕಾದದ್ದೇ ಹೊರೆಯಾಗಿ ಕೂತಿತ್ತು. ಸರಿಪಡಿಸಬೇಕೆಂದರೆ ಇಡೀ ನೆಲವನ್ನು ಕತ್ತರಿಸಿ ತೆಗೆಯಬೇಕು. ಅದರ ಪಕ್ಕದ ಉದ್ದತೊಲೆಗಳ ಮರ ಇಷ್ಟು ವರ್ಷ ಒದ್ದೆಯಲ್ಲೇ ಇದ್ದಿದೆ ಎಂದ ಮೇಲೆ ನನ್ನ ಸುತ್ತಿಗೆಯ ಮೇಲೂ ನಂಬಿಕೆ ಉಳಿಯಲಿಲ್ಲ, ಏಕೆಂದರೆ ಅಲ್ಲಿಗೆ ಅದು ತಲುಪಿಯೇ ಇರಲಿಲ್ಲ.

ಮಾಲೀಕರಿಗೂ ಇದು ಗೊತ್ತಿರಲಿಲ್ಲ. ನಮಗಿಂತ ಹೆಚ್ಚು ನೊಂದುಕೊಂಡವರು ಅವರೇ. ಆ ದೋಣಿಯಲ್ಲಿ ಅವರ ಮಕ್ಕಳು ಬೆಳೆದಿದ್ದರು.

ನಾಲ್ಕನೆಯ ಶನಿವಾರ

ಚಿಕ್ಕದನ್ನೂ ತೂಗಿಸಿದೆ: ಎಲ್ಲ ಸೇರಿ 980 ಕಿಲೋ, ಲೆಕ್ಕಕ್ಕಿಂತ 15 ಹೆಚ್ಚು. ಸಿಲಿಂಡರ್‌ಗಳ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರ್‌ಗಳೂ ಒಂದಕ್ಕೊಂದು ಐದು ಪ್ರತಿಶತದೊಳಗೇ ಇವೆ. ಹತ್ತು ಪ್ರತಿಶತ ದಾಟಿದ್ದರೆ ಯೋಚಿಸಬೇಕಿತ್ತು.

ಆದರೆ ಗೇರ್ ಆಯಿಲ್ ತೆಗೆದಾಗ ಅದು ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಒಳಗೆ ನೀರು ಹೋಗಿದೆ. ಪ್ರೊಪೆಲ್ಲರ್ ಬಿಚ್ಚಿದರೆ ಕಾರಣ ಕಣ್ಣೆದುರೇ ಇತ್ತು: ಶಾಫ್ಟಿಗೆ ಸುತ್ತಿಕೊಂಡ ಗಾಳದ ನೈಲಾನ್ ದಾರ. ಅದು ಬಿಗಿದು ಸೀಲನ್ನು ಕೊಯ್ದಿದೆ. ಎಂಜಿನ್ ತಣ್ಣಗಿಡುವ ನೀರಿನ ಧಾರೆಯೂ ಬಡಕಲಾಗಿತ್ತು, ಎಂದರೆ ಪಂಪಿನ ಇಂಪೆಲ್ಲರಿನ ರಬ್ಬರ್ ರೆಕ್ಕೆಗಳು ಸವೆದಿವೆ. ಎರಡೂ ನಿಜವಾದ ದೋಷಗಳು, ಎರಡನ್ನೂ ಮಾಲೀಕರಿಗೆ ತೋರಿಸಿ ಮಾತಾಡಿದೆವು. ಎರಡಕ್ಕೂ ಕೈ ಹಾಕಬಹುದು. ಅಂಗಳದಲ್ಲಿ, ನಮ್ಮದೇ ಸ್ಪ್ಯಾನರ್‌ಗಳಿಂದ.

ಸಂಜೆ 17 ಅಡಿಯದನ್ನು ಮನೆಗೆ ತಂದೆವು. ಮಗಳು ಕೋಣೆಯ ನೆನಪಿನಲ್ಲಿ ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದಳು. ಮೂತಿಯ ಮೇಲೆ ಬಿಗಿಯಲು ಕ್ಯಾನ್ವಾಸ್ ಮೇಲುಹೊದಿಕೆ ಹೊಲಿಸುವುದಾಗಿ ಮಾತು ಕೊಟ್ಟಿದ್ದೇನೆ, ಅಳತೆಯನ್ನೂ ಅವಳೇ ತೆಗೆದಿದ್ದಾಳೆ. ಅಪ್ಪನಿಗೆ ಸ್ಪ್ರಿಂಗ್ ಇರುವ ಆಸನವೊಂದನ್ನು ಹುಡುಕಬೇಕು. ಆ ಪೆಟ್ಟುಗಳನ್ನು ಅವರ ಮಂಡಿ ತಾಳುವುದಿಲ್ಲ.

ಐದನೆಯ ಭಾನುವಾರ

ಹೊಸ ಇಂಪೆಲ್ಲರ್ ಹಾಕಿಯಾಯಿತು. ಹಳೆಯದರ ಆರು ರೆಕ್ಕೆಗಳಲ್ಲಿ ಒಂದರ ತುದಿ ಮುರಿದಿತ್ತು. ಆ ಚೂರನ್ನು ನೀರಿನ ದಾರಿಯಲ್ಲಿ ಹುಡುಕಿ ತೆಗೆಯಲು ಮಧ್ಯಾಹ್ನವೆಲ್ಲ ಹಿಡಿಯಿತು. ಬಿಟ್ಟಿದ್ದರೆ ಮುಂದೆಲ್ಲೋ ಸಿಕ್ಕಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತಿತ್ತು. ಶಾಫ್ಟಿನ ಸೀಲುಗಳನ್ನು ಹೆಂಡತಿ ಕೂರಿಸಿದಳು, ಅವಳ ಕೈ ನನ್ನದಕ್ಕಿಂತ ನಿಧಾನ, ಹಾಗಾಗಿ ಅಚ್ಚುಕಟ್ಟು. ಎಣ್ಣೆ ತುಂಬುವ ಮೊದಲು ಗೇರ್ ಪೆಟ್ಟಿಗೆಗೆ 10 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿ, ಎಲ್ಲಾದರೂ ಸೋರುತ್ತದೆಯೇ ಎಂದು, ಮೀಟರಿನ ಮುಳ್ಳನ್ನು ನೋಡುತ್ತಾ ಮೂವರೂ ಕುಳಿತೆವು. ಹತ್ತು ನಿಮಿಷ. ಮುಳ್ಳು ಕದಲಲಿಲ್ಲ.

ಮುಂದಿನ ವಾರ ಟ್ರೇಲರಿನ ಚಕ್ರದ ಬೇರಿಂಗ್‌ಗಳಿಗೆ ಹೊಸ ಗ್ರೀಸ್. ಆಮೇಲೆ ಹೆಂಡತಿಯೂ ಮಗಳೂ ಇಬ್ಬರೇ ದೋಣಿಯನ್ನು ನೀರಿಗೆ ಇಳಿಸುತ್ತಾರೆ, ನಾನು ದಡದಲ್ಲಿ ನಿಂತಿರುತ್ತೇನೆ.