ಓಣಿಯ ಏರಿಗೆ ಯಾವ ಹಿಮಾಲಯನ್: 411 ಇಲ್ಲವೇ 450?

ಮಡಿಕೇರಿ, 19 ಅಕ್ಟೋಬರ್ 2025, ಭಾನುವಾರ

ತುಲಾ ಸಂಕ್ರಮಣ ಮುಗಿಯಿತು. ಮಳೆ ಪೂರ್ತಿ ಬಿಟ್ಟಿಲ್ಲ, ಆದರೆ ಮುಂಗಾರು ಏನೇನು ಕೆಡಿಸಿಟ್ಟಿದೆ ಅನ್ನುವುದು ಈಗ ಚೆನ್ನಾಗಿ ಕಾಣುತ್ತದೆ. ಡಾಂಬರಿನ ಅಂಚು ಕೊಚ್ಚಿಹೋಗಿದೆ, ತೋಟದ ರಸ್ತೆಯ ಜಲ್ಲಿ ಎದ್ದಿದೆ, ಕಾಂಕ್ರೀಟ್ ಏರುಗಳ ಮೇಲೆ ಪಾಚಿ ಕೂತಿದೆ. ರಾಯಲ್ ಎನ್‌ಫೀಲ್ಡ್‌ನ ಎರಡು ಹಿಮಾಲಯನ್ ಬೈಕುಗಳನ್ನು (ಹಳೆಯ 411, ಅದರ ನಂತರ ಬಂದ 450) ಪಕ್ಕಪಕ್ಕ ಇಟ್ಟು ನೋಡಲು ಇದೇ ಸರಿಯಾದ ಕಾಲ. ಹೆದ್ದಾರಿಯಲ್ಲಿ 450 ಗೆಲ್ಲುತ್ತದೆ, ಅದರಲ್ಲಿ ವಾದವಿಲ್ಲ. ಕೊಡಗಿನವರು ಕೇಳಬೇಕಾದ ಪ್ರಶ್ನೆ ಬೇರೆ: ನಡೆಯುವ ವೇಗದಲ್ಲಿ, ಒದ್ದೆ ಏರಿನಲ್ಲಿ, ತಿರುವಿನ ನಡುವೆ ಯಾವುದು ಕೈ ಕೊಡುವುದಿಲ್ಲ?

ಐನ್‌ಮನೆಗೆ (ಕೊಡವ ಕುಟುಂಬದ ಮೂಲಮನೆಗೆ) ಹೋಗುವ ಓಣಿಯನ್ನೇ ತೆಗೆದುಕೊಳ್ಳಿ. ಎರಡು ಕಡೆ ಮಣ್ಣಿನ ಗೋಡೆ, ಬಿಸಿಲು ಬೀಳುವುದಿಲ್ಲ, ನಡುವೆ ಜೀಪಿನ ಎರಡು ಗಾಲಿಪಟ್ಟಿ. ಪಟ್ಟಿಯೊಳಗೆ ಸಿಲ್ವರ್ ಓಕ್ ಎಲೆಗಳ ಕೊಳೆತ ಪದರ, ಅದರ ಕೆಳಗೆ ಜಾರುವ ಕೆಂಪು ಮಣ್ಣು. ಮೇಲೆ ಹೋಗುತ್ತಿದ್ದಂತೆ ಓಣಿ ಬಲಕ್ಕೆ ಮಡಚಿಕೊಳ್ಳುತ್ತದೆ, ಅಲ್ಲೇ ಏರು ಅತಿ ಕಡಿದು. 411ರಲ್ಲಿ ಸೆಕೆಂಡ್ ಗೇರ್‌ನಲ್ಲಿದ್ದರೂ ನಡೆಯುತ್ತದೆ. ಎಂಜಿನ್ 2000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿಗೆ ಇಳಿದರೂ ದಬದಬ ಎನ್ನುತ್ತಾ ಎಳೆದುಕೊಂಡು ಹೋಗುತ್ತದೆ. 450ರಲ್ಲಿ ಅದೇ ರೀತಿ ಹೋದರೆ ಚೈನ್ ಜಗ್ಗಿ ಬಡಿಯುತ್ತದೆ, ಮುಂದಿನ ಕ್ಷಣ ಎಂಜಿನ್ ಆಫ್. ಬಲಕ್ಕೆ ವಾಲಿರುವ 196 ಕಿಲೋ ಗಾಡಿ, ಕಾಲು ಊರಲು ಕೆಳಗೆ ತಗ್ಗು. ಬೀಳುವುದು ಹೀಗೆಯೇ.

ಕಾರಣ ಎಂಜಿನ್ನಿನ ಅಳತೆಯಲ್ಲೇ ಇದೆ. 411ರದು ಉದ್ದ ಸ್ಟ್ರೋಕ್: ಬೋರ್ (ಸಿಲಿಂಡರಿನ ಅಗಲ) 78 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 86 ಮಿ.ಮೀ. ಒಂದು ಕ್ಯಾಮ್, ಎರಡು ವಾಲ್ವ್, ಕಂಪ್ರೆಷನ್ 9.5. ಪವರ್ 24.3 ಬಿಎಚ್‌ಪಿ ಅಷ್ಟೇ, ಆದರೆ 32 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ) 4000ದಿಂದ 4500 ಆರ್‌ಪಿಎಂನೊಳಗೇ ಸಿಗುತ್ತದೆ. 450ರ 452 ಸಿಸಿ ಶೆರ್ಪಾ ಎಂಜಿನ್ನಿನಲ್ಲಿ ಬೋರ್ 84, ಸ್ಟ್ರೋಕ್ 81.5. ಎರಡು ಕ್ಯಾಮ್, ನಾಲ್ಕು ವಾಲ್ವ್, ಕಂಪ್ರೆಷನ್ 11.5, ಲಿಕ್ವಿಡ್ ಕೂಲಿಂಗ್. 39.5 ಬಿಎಚ್‌ಪಿ ಬರುವುದು 8000 ಆರ್‌ಪಿಎಂನಲ್ಲಿ, 40 ನ್ಯೂಟನ್ ಮೀಟರ್ ಟಾರ್ಕ್ 5500ರಲ್ಲಿ. ತಿರುಗಿದಷ್ಟೂ ಜೀವ ಬರುವ ಎಂಜಿನ್ ಇದು. 3000ದ ಕೆಳಗೆ ಕೆಲಸ ಕೇಳಿದರೆ ಒಲ್ಲೆ ಎನ್ನುತ್ತದೆ.

ಹಾಗಂತ 450 ಓಣಿ ಹತ್ತುವುದಿಲ್ಲ ಎಂದಲ್ಲ. ಹತ್ತಿಸುವ ಅಭ್ಯಾಸ ಬೇರೆ. ಏರು ಶುರುವಾಗುವ ಮೊದಲೇ ಫಸ್ಟ್‌ಗೆ ಬನ್ನಿ, ಮಧ್ಯದಲ್ಲಿ ಗೇರ್ ಬದಲಿಸುವ ಯೋಚನೆ ಬೇಡ. ಆಕ್ಸಿಲರೇಟರ್ ಒಂದೇ ಸಮ ಹಿಡಿದು 3000–3500ರಲ್ಲಿ ಎಂಜಿನ್ ಇರಲಿ. ವೇಗವನ್ನು ಅರ್ಧ ಕ್ಲಚ್ಚಿನಿಂದ ಮತ್ತು ಹಿಂದಿನ ಬ್ರೇಕಿನ ಸಣ್ಣ ಒತ್ತಡದಿಂದ ತಗ್ಗಿಸಿ. ಸ್ಲಿಪ್-ಅಸಿಸ್ಟ್ ಕ್ಲಚ್ ಆದ್ದರಿಂದ ಲಿವರ್ ಹಗುರ, ಎರಡು ಬೆರಳು ಸಾಕು. ಪಾಚಿ ಇದ್ದಲ್ಲಿ ಮೋಡ್ ಇಕೋದಲ್ಲಿರಲಿ. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಆಕ್ಸಿಲರೇಟರಿನ ಉತ್ತರ ಚುರುಕು, ಒದ್ದೆ ಕಾಂಕ್ರೀಟಿನಲ್ಲಿ ಹಿಂದಿನ ಗಾಲಿ ತಕ್ಷಣ ಸುತ್ತುತ್ತದೆ. 411 ಓಡಿಸಿ ಪಳಗಿದ ಕೈ ಈ ಹೊಸ ಅಭ್ಯಾಸಕ್ಕೆ ಬರಲು ಸ್ವಲ್ಪ ಕಾಲ ಬೇಕು, ಬಂದ ಮೇಲೆ ತೊಂದರೆಯಿಲ್ಲ.

ಹಿಂದಿನ ಟೈರಿನ ವ್ಯತ್ಯಾಸವೂ ಇಲ್ಲೇ ತಿಳಿಯುತ್ತದೆ. ಮುಂದೆ ಎರಡಕ್ಕೂ 90/90-21. ಹಿಂದೆ 411ಕ್ಕೆ 120/90-17, 450ಕ್ಕೆ 140/80-17. ಲೆಕ್ಕ ಹಾಕಿದರೆ ಟೈರಿನ ಎತ್ತರದಲ್ಲಿ 8 ಮಿ.ಮೀ. ವ್ಯತ್ಯಾಸ ಅಷ್ಟೇ, ಅಗಲದಲ್ಲಿ 20. ಸಣ್ಣ ಟೈರು ತೆಳು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ, ಅಗಲದ್ದು ಮೇಲೇ ತೇಲುತ್ತದೆ. ಒಣ ಡಾಂಬರಿಗೆ ಬಂದರೆ ಅದೇ ಅಗಲ ವರ.

ಈಗ ಸಂಪಾಜೆ ಘಾಟಿ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಇಳಿಯುವಾಗ 450 ಎಷ್ಟು ಮುಂದೆ ಬಂದಿದೆ ಎನ್ನುವುದು ಸಂತೋಷ ಕೊಡುವಂಥದ್ದು. ಮುಂದಿನ ಡಿಸ್ಕ್ 300ರಿಂದ 320 ಮಿ.ಮೀ.ಗೆ, ಹಿಂದಿನದು 240ರಿಂದ 270ಕ್ಕೆ ಏರಿದೆ. 411ರ ಮುಂದಿನ ಬ್ರೇಕ್ ಮೊದಲಿನಿಂದಲೂ ಮಂದ. ಲಿವರ್ ಗಟ್ಟಿಯಾಗಿ ಒತ್ತಬೇಕು, ಹಿಂದೆ ಜನ ಕೂತಿದ್ದರೆ ಇನ್ನೂ ಮುಂಚೆ ಒತ್ತಬೇಕು. ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಬ್ರೇಕ್ ಪ್ಯಾಡ್ ಹಾಕಿಸಿದರೆ ಬಹಳಷ್ಟು ಸುಧಾರಿಸುತ್ತದೆ. ಒದ್ದೆ ಇಳಿಜಾರಿನಲ್ಲಿ ಅವಸರವಾಗಿ ಗೇರ್ ಇಳಿಸಿದರೆ 411ರ ಹಿಂದಿನ ಗಾಲಿ ಕುಪ್ಪಳಿಸುತ್ತದೆ, 450ರ ಕ್ಲಚ್ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ. ಲಾರಿ ಹಿಂದಿಕ್ಕುವಾಗ 411ರಲ್ಲಿ ಐದೇ ಗೇರು, ಬಹಳ ಮೊದಲೇ ಯೋಚಿಸಬೇಕು. 450ರಲ್ಲಿ ಆರು ಗೇರು, ಒಂದು ಗೇರ್ ಇಳಿಸಿದರೆ ಮುಗಿಯಿತು.

ಸಸ್ಪೆನ್ಷನ್ ವಿಷಯದಲ್ಲಿ 411ರ 41 ಮಿ.ಮೀ. ಫೋರ್ಕಿನ ಜಾಗಕ್ಕೆ 43 ಮಿ.ಮೀ. ಅಪ್‌ಸೈಡ್ ಡೌನ್ (ತಲೆಕೆಳಗಾಗಿ ಕೂರಿಸಿದ) ಶೋವಾ ಕಂಪನಿಯ ಫೋರ್ಕ್ ಬಂದಿದೆ. ಮುಂದೆ ಎರಡಕ್ಕೂ 200 ಮಿ.ಮೀ. ಓಡಾಟ, ಹಿಂದೆ 180ರಿಂದ 200ಕ್ಕೆ ಏರಿದೆ. ಗ್ರೌಂಡ್ ಕ್ಲಿಯರೆನ್ಸ್ 220 ಇದ್ದದ್ದು 230. ಮಾಂದಲಪಟ್ಟಿ ಹಾದಿಯಂಥ ಎದ್ದ ಕಲ್ಲುಗಳ ಮೇಲೆ 411 ತಳಕ್ಕೆ ಬಡಿಯುವ ಕಡೆ 450 ಬಡಿಯುವುದಿಲ್ಲ. ಸೀಟು ಮಾತ್ರ ಎತ್ತರ: 800ರ ಬದಲು 825, ಏರಿಸಿದರೆ 845. 805ರ ತಗ್ಗು ಸೀಟೂ ಸಿಗುತ್ತದೆ, ಕುಳ್ಳಗಿರುವವರು ತೋಟದೊಳಗೆ ಓಡಿಸುವುದಾದರೆ ಅದನ್ನೇ ಹಾಕಿಸಿಕೊಳ್ಳಿ. ಓರೆ ನೆಲದಲ್ಲಿ 20 ಮಿ.ಮೀ. ಎಂದರೆ ಪಾದ ಊರುವುದಕ್ಕೂ ಬರೀ ಬೆರಳು ತಾಗುವುದಕ್ಕೂ ಇರುವ ಅಂತರ.

ತೂಕ 199 ಕಿಲೋದಿಂದ 196ಕ್ಕೆ ಇಳಿದಿದೆ, ಟ್ಯಾಂಕ್ 15 ಲೀಟರಿಂದ 17ಕ್ಕೆ ಹಿಗ್ಗಿದ್ದರೂ. ಇದನ್ನು ಮೆಚ್ಚಲೇಬೇಕು.

ಹಿಂದಿನ ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡುವ ಸೌಲಭ್ಯ 450ರಲ್ಲಿದೆ, 411ರ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿಯಲ್ಲೂ ಇದೆ. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಬಂದ್ ಮಾಡಿ, ಇಲ್ಲವಾದರೆ ಬ್ರೇಕ್ ಒತ್ತಿದರೂ ಗಾಡಿ ಉರುಳುತ್ತಲೇ ಇರುತ್ತದೆ. ಪಾಚಿಗಟ್ಟಿದ ಕಾಂಕ್ರೀಟಿನಲ್ಲಿ ಬಂದ್ ಮಾಡಬೇಡಿ.

ನಕ್ಷೆಯ ಮಾತು. 450ರ ಪರದೆಯಲ್ಲಿ ಗೂಗಲ್ ಮ್ಯಾಪ್ಸ್ ಕಾಣುವುದು ಮೊಬೈಲಿನ ಮೂಲಕ. ಮೊಬೈಲ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಚಾರ್ಜಿಂಗ್ ವೈರ್ ಜೊತೆಗಿರಲಿ. ಭಾಗಮಂಡಲದಿಂದ ಕರಿಕೆ ಕಡೆ ಕಾಡಿನೊಳಗೆ ಸಿಗ್ನಲ್ ನಂಬುವಂತಿಲ್ಲ, ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ.

ಪಂಕ್ಚರ್ ವಿಷಯದಲ್ಲಿ ಖಂಡಿತವಾಗಿ ಹೇಳಬೇಕಾದ್ದಿದೆ. 411ಕ್ಕೆ ಟ್ಯೂಬ್. 2023ರ ನವೆಂಬರಿನಲ್ಲಿ ಬಂದ ಮೊದಲ 450ಗಳಿಗೂ ಟ್ಯೂಬೇ. ಟ್ಯೂಬ್‌ಲೆಸ್ ಕಡ್ಡಿಚಕ್ರ 2024ರಲ್ಲಿ ಬಂತು. ಹೆಚ್ಚು ದುಡ್ಡು ಕೊಟ್ಟಾದರೂ ಟ್ಯೂಬ್‌ಲೆಸ್ಸೇ ತೆಗೆದುಕೊಳ್ಳಿ. ಹಿಡಿತಕ್ಕೆಂದು ಗಾಳಿ ಇಳಿಸಿ ಕಲ್ಲಿನ ಮೇಲೆ ಹೋದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ. 450ಕ್ಕೆ ಸೆಂಟರ್ ಸ್ಟ್ಯಾಂಡ್ ಬೇರೆಯಾಗಿ ಕೊಳ್ಳಬೇಕು. ಅದಿಲ್ಲದೆ ಇಳಿಜಾರಿನಲ್ಲಿ ಹಿಂದಿನ ಚಕ್ರ ಬಿಚ್ಚುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಟ್ಯೂಬ್‌ಲೆಸ್ ಆದರೆ ಚಕ್ರ ಬಿಚ್ಚದೆ ಪ್ಲಗ್ ತುರುಕಿ ಗಾಳಿ ಹಾಕಿ ಮನೆ ಸೇರಬಹುದು. ಅದರಲ್ಲೂ 20 ಪಿಎಸ್‌ಐಗಿಂತ ಕೆಳಗೆ ಇಳಿಸಬೇಡಿ, ರಿಮ್ ಬಗ್ಗುತ್ತದೆ.

450ರಲ್ಲಿ ಹೊಸದಾಗಿ ಸೇರಿದ ಕೆಲಸವೆಂದರೆ ರೇಡಿಯೇಟರ್. ಮುಂದಿನ ಗಾಲಿ ಎರಚುವ ಕೆಂಪು ಕೆಸರು ನೇರ ಅದರ ಮೇಲೆ ಬೀಳುತ್ತದೆ. ಒದ್ದೆಯಿದ್ದಾಗ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಬಿಸಿಗೆ ಒಣಗಿ ಫಿನ್‌ಗಳ ಸಂದಿಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಆಮೇಲೆ ನಿಧಾನದ ಏರಿನಲ್ಲಿ ಫ್ಯಾನ್ ನಿಲ್ಲದೆ ಓಡತೊಡಗುತ್ತದೆ. ಪ್ರೆಷರ್ ವಾಷರ್ ಹಿಡಿದರೆ ತೆಳು ಫಿನ್ ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ಮಾಮೂಲಿ ಪೈಪಿನಿಂದ ಸಣ್ಣ ನೀರು ಬಿಟ್ಟು ಕೆಸರು ನೆನೆಯಲು ಬಿಡಿ, ನಂತರ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಿ, ಬಂದ ದಾರಿಯಲ್ಲೇ ಮಣ್ಣು ಹೊರಬೀಳುತ್ತದೆ. ರೇಡಿಯೇಟರ್ ಗಾರ್ಡ್ ಹಾಕಿಸಿ. ಕೂಲೆಂಟ್ ಮಟ್ಟವನ್ನು ತಣ್ಣಗಿದ್ದಾಗಲೇ ನೋಡಿ.

ವಾಲ್ವ್ ಅಂತರ ಸರಿಮಾಡಲು 411ಕ್ಕೆ ಸ್ಪ್ಯಾನರ್, ಸ್ಕ್ರೂಡ್ರೈವರ್, ಫೀಲರ್ ಗೇಜ್ ಸಾಕು, ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ಅನುಭವವಿರುವ ಯಾವ ಮೆಕ್ಯಾನಿಕ್ಕೂ ಮಾಡುತ್ತಾರೆ. 450ರಲ್ಲಿ ಅಳೆದು ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಬೇಕು, ಅದು ಸರ್ವಿಸ್ ಸೆಂಟರಿನ ಕೆಲಸ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಜಿಎಸ್‌ಟಿ 40%, ಮೊದಲು ಸೆಸ್ ಸೇರಿ 31% ಇತ್ತು. ಹಾಗಾಗಿ ಹಳೆಯ 411ರ ಕಡೆ ಕಣ್ಣು ಹೋಗುವುದು ಸಹಜ. ದಿನದ ಓಡಾಟ ತೋಟ, ಕಣ, ಪಕ್ಕದ ಪೇಟೆ ಇಷ್ಟರೊಳಗೇ ಇದ್ದರೆ ಒಳ್ಳೆಯ 411 ಇವತ್ತಿಗೂ ಸರಿಯಾದ ಆಯ್ಕೆ. ತಿಂಗಳಿಗೆ ನಾಲ್ಕು ಸಲ ಮೈಸೂರು, ಮಂಗಳೂರು ಎನ್ನುವವರು 450ಕ್ಕೇ ಹೋಗಲಿ. 411 ಕೊಳ್ಳುವುದಾದರೆ 2020ರ ನಂತರದ ಬಿಎಸ್6 ಹುಡುಕಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಬ್ಯಾಶ್ ಪ್ಲೇಟಿನ (ಎಂಜಿನ್ ತಳ ಕಾಯುವ ತಗಡಿನ) ಕೆಳಗೆ ಜಾಕ್ ಕೊಟ್ಟು ಮುಂದಿನ ಗಾಲಿ ನೆಲ ಬಿಡಿಸಿ. ಹ್ಯಾಂಡಲನ್ನು ಒಂದು ಬೆರಳಲ್ಲಿ ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ತಿರುಗಿಸಿ: ನಟ್ಟ ನಡುವೆ ಕಟ್ ಎಂದು ಕೂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ. ಫೋರ್ಕಿನ ಕಾಲು ಹಿಡಿದು ಹಿಂದೆ ಮುಂದೆ ಅಲುಗಿಸಿ, ಟಕ್ ಎಂದರೆ ಸಡಿಲ. ನಂತರ ಹಿಂದಿನ ಗಾಲಿ ಹಿಡಿದು ಮೇಲಕ್ಕೆತ್ತಿ. ಶಾಕ್ ಕೆಲಸ ಶುರುಮಾಡುವ ಮೊದಲೇ ಸ್ವಲ್ಪ ಆಟ ಸಿಕ್ಕರೆ ಲಿಂಕೇಜ್ ಬೇರಿಂಗಿಗೆ ನೀರು ಹೊಕ್ಕು ಗ್ರೀಸ್ ತೊಳೆದುಹೋಗಿದೆ ಎಂದರ್ಥ. ಇವೆರಡೂ ಸರಿಮಾಡಬಹುದಾದ ದೋಷಗಳೇ, ಬೆಲೆ ಮಾತಾಡುವಾಗ ರಿಪೇರಿ ಖರ್ಚು ಕಳೆಯಿರಿ. ಫ್ರೇಮಿನ ಬೆಸುಗೆಯಲ್ಲಿ ಬಿರುಕು ಕಂಡರೆ ಮಾತ್ರ ಆ ಗಾಡಿ ಬೇಡ.